ಅರ್ಧ ಬೆಲೆಯ ಕಾರು, ಪೂರ್ತಿ ಬೆಲೆಯ ಬಿಡಿಭಾಗ

(ಹಳೆಯ ಐಷಾರಾಮಿ ಸೆಡಾನ್‌ಗಳ ತೊಂದರೆ ಮತ್ತು ದುರಸ್ತಿ ಖರ್ಚು ಕುರಿತ ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಲೆಕ್ಕದಿಂದಲೇ ಶುರು ಮಾಡೋಣ.

ಮರ್ಸಿಡಿಸ್ ಎಸ್ ಕ್ಲಾಸ್, ಬಿಎಂಡಬ್ಲ್ಯು 7 ಸೀರೀಸ್, ಔಡಿ ಎ8, ಜಾಗ್ವಾರ್ ಎಕ್ಸ್‌ಜೆ ಥರದ ಕಾರುಗಳು ಹತ್ತು ವರ್ಷ ತುಂಬುವ ಹೊತ್ತಿಗೆ ಒಂದು ಮಾಮೂಲಿ ಹೊಸ ಕಾರಿನ ಬೆಲೆಗೆ ಸಿಗುತ್ತವೆ. ಚರ್ಮದ ಸೀಟು, ಸದ್ದಿಲ್ಲದ ಕ್ಯಾಬಿನ್, ಆರು ಅಥವಾ ಎಂಟು ಸಿಲಿಂಡರಿನ ಎಂಜಿನ್. ಆಸೆಯಾಗುವುದು ಸಹಜ. ಆದರೆ ಇಳಿದಿರುವುದು ಕಾರಿನ ಬೆಲೆ ಮಾತ್ರ. ಅದರ ಹೆಡ್‌ಲೈಟ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಸ್ಟ್ರಟ್ (ಚಕ್ರದ ಮೇಲೆ ಕಾರಿನ ಭಾರ ಹೊರುವ ಕಂಬ) ಇವುಗಳ ಬೆಲೆ ಕಾರು ಹೊಸದಾಗಿದ್ದಾಗ ಎಷ್ಟಿತ್ತೋ ಅಷ್ಟೇ ಇದೆ, ಎಷ್ಟೋ ಸಲ ಜಾಸ್ತಿಯೇ ಆಗಿದೆ. ಅದನ್ನು ಬಿಚ್ಚಿ ಜೋಡಿಸಲು ಹಿಡಿಯುವ ಸಮಯವಂತೂ ಒಂದು ನಿಮಿಷವೂ ಕಮ್ಮಿಯಾಗಿಲ್ಲ.

ಈ ಕಾರುಗಳು ಕಳಪೆ ಎಂದು ಹೇಳಲು ನಾನು ಬಂದಿಲ್ಲ. ಇವುಗಳ ಬಾಡಿ, ಎಂಜಿನ್ ಬ್ಲಾಕ್, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ), ಡಿಫರೆನ್ಷಿಯಲ್ (ಎಡ-ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳು) ಮೊದಲಾದ ಗಟ್ಟಿ ಲೋಹದ ಭಾಗಗಳು ಸಾಮಾನ್ಯವಾಗಿ ತುಂಬಾ ಚೆನ್ನಾಗಿ ಬಾಳುತ್ತವೆ. ಕೆಡುವುದು ರಬ್ಬರು, ಪ್ಲಾಸ್ಟಿಕ್ಕು, ಸರ್ಕೀಟು. ಹೀಗೆ ಕೆಡುವ ವಸ್ತು ಹೆಚ್ಚಿನ ಸಲ ಅಗ್ಗದ್ದೇ ಆಗಿರುತ್ತದೆ. ದುಬಾರಿಯಾಗಿರುವುದು ಅದು ಕೂತಿರುವ ಜಾಗ. ಹಳೆಯ ಐಷಾರಾಮಿ ಕಾರನ್ನು ಅಳೆಯಲು ಕೇಳಬೇಕಾದ ಮೊದಲ ಪ್ರಶ್ನೆ "ಏನು ಕೆಡುತ್ತದೆ" ಎಂಬುದಲ್ಲ, "ಕೆಟ್ಟದ್ದನ್ನು ಮುಟ್ಟಲು ಏನೇನು ಬಿಚ್ಚಬೇಕು" ಎಂಬುದು. ಇವತ್ತಿನ ಮಾತೆಲ್ಲ ಇದರ ಸುತ್ತಲೇ ಇರುತ್ತದೆ.

ಮೀಟರಿನಲ್ಲಿ ಕಾಣದ ವಯಸ್ಸು

ಕೊಳ್ಳುವವರು ಕಿಲೋಮೀಟರ್ ನೋಡುತ್ತಾರೆ. ಹತ್ತು ವರ್ಷದಲ್ಲಿ ಬರೀ 40,000 ಕಿ.ಮೀ. ಓಡಿದೆ ಎಂದರೆ ಖುಷಿಪಡುತ್ತಾರೆ. ರಬ್ಬರ್ ಸೀಲ್‌ಗೆ ಕಿಲೋಮೀಟರ್ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ವರ್ಷ ಮತ್ತು ಬಿಸಿ. ಹೊಗೆ ಮತ್ತು ಇಂಧನ ಬಳಕೆ ತಗ್ಗಿಸಲೆಂದು ಈ ಕಾಲದ ಎಂಜಿನ್‌ಗಳನ್ನು ಹೆಚ್ಚು ಬಿಸಿಯಲ್ಲೇ ಓಡಿಸುತ್ತಾರೆ. ಬಿಎಂಡಬ್ಲ್ಯುವಿನ ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ (ಎಂಜಿನ್ ತಣಿಸುವ ದ್ರವವನ್ನು, ಅಂದರೆ ಕೂಲೆಂಟನ್ನು, ರೇಡಿಯೇಟರಿಗೆ ಬಿಡುವ ಕವಾಟ) ತೆರೆದುಕೊಳ್ಳುವುದೇ 105 ಡಿಗ್ರಿಯ ಆಸುಪಾಸಿನಲ್ಲಿ. ಅದರ ಜೊತೆಗೆ, ಸದ್ದು ಹೊರಗೆ ಬಾರದಂತೆ ಎಂಜಿನ್ನಿನ ಮೇಲೂ ಕೆಳಗೂ ಪ್ಲಾಸ್ಟಿಕ್ ಹೊದಿಕೆ. ಒಳಗಿನ ಬಿಸಿ ಒಳಗೇ ಉಳಿದು, ಪ್ಲಾಸ್ಟಿಕ್ ಪೈಪುಗಳು ಹತ್ತು ವರ್ಷದಲ್ಲಿ ಬಿಸ್ಕತ್ತಿನಂತೆ ಪುಡಿಯಾಗುವ ಸ್ಥಿತಿಗೆ ಬರುತ್ತವೆ.

ಆದ್ದರಿಂದ ಕೂಲಿಂಗ್ ವ್ಯವಸ್ಥೆಯನ್ನು ಬಿಡಿಬಿಡಿಯಾಗಿ ರಿಪೇರಿ ಮಾಡಿಸಬೇಡಿ. ಎಂಟು-ಹತ್ತು ವರ್ಷ ಆಗಿದ್ದರೆ ಎಕ್ಸ್‌ಪ್ಯಾನ್ಷನ್ ಟ್ಯಾಂಕ್ (ಬಿಸಿಗೆ ಹಿಗ್ಗಿದ ಕೂಲೆಂಟ್ ಸೇರುವ ತೊಟ್ಟಿ), ಅದರ ಮುಚ್ಚಳ, ಮೇಲಿನ ಮತ್ತು ಕೆಳಗಿನ ಹೋಸ್, ಥರ್ಮೋಸ್ಟಾಟ್, ವಾಟರ್ ಪಂಪ್ ಎಲ್ಲವನ್ನೂ ಒಟ್ಟಿಗೇ ಬದಲಾಯಿಸಿ. ಟ್ಯಾಂಕ್ ಮಾತ್ರ ಹೊಸದು ಹಾಕಿದರೆ ಒತ್ತಡ ಸರಿಹೋಗುತ್ತದೆ, ಆ ಒತ್ತಡ ಮುಂದಿನ ದುರ್ಬಲ ಹೋಸನ್ನು ಒಡೆಯುತ್ತದೆ. ಬಿಎಂಡಬ್ಲ್ಯುವಿನ ಎನ್52, ಎನ್54ರಂಥ ಆರು ಸಿಲಿಂಡರಿನ ಎಂಜಿನ್‌ಗಳಲ್ಲಿ ವಾಟರ್ ಪಂಪ್ ಬೆಲ್ಟಿನಿಂದ ತಿರುಗುವುದಿಲ್ಲ, ಅದಕ್ಕೆ ತನ್ನದೇ ವಿದ್ಯುತ್ ಮೋಟಾರು ಇದೆ. 1,00,000 ಕಿ.ಮೀ. ಸುಮಾರಿಗೆ ಇದು ಮುನ್ಸೂಚನೆಯೇ ಇಲ್ಲದೆ ನಿಲ್ಲಬಹುದು. ನಿಂತ ಮೇಲೆ ಬದಲಾಯಿಸುವುದಕ್ಕಿಂತ ಮೊದಲೇ ಬದಲಾಯಿಸುವುದು ಲೇಸು, ಏಕೆಂದರೆ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಒಮ್ಮೆ ಬಿಸಿಗೆ ಸೊಟ್ಟಗಾದರೆ ಖರ್ಚು ಎಷ್ಟೋ ಪಟ್ಟು ಏರುತ್ತದೆ. ಇನ್ನೊಂದು ವಿಷಯ: ಹಲವು ಕಾರುಗಳಲ್ಲಿ ಟೆಂಪರೇಚರ್ ಮುಳ್ಳು ನಿಜವಾದ ತಾಪವನ್ನು ತೋರಿಸುವುದಿಲ್ಲ. ತಾಪ ಸಾಕಷ್ಟು ಏರಿಳಿದರೂ ಅದು ನಡುವೆಯೇ ನಿಂತಿರುವಂತೆ ತಯಾರಕರು ಹೊಂದಿಸಿರುತ್ತಾರೆ. ಮುಳ್ಳು ನಡುಗೆರೆ ದಾಟಿತು ಎಂದರೆ ಆಗಲೇ ತಡವಾಗಿದೆ. "ಮುಂದಿನ ಪೆಟ್ರೋಲ್ ಬಂಕ್‌ವರೆಗೆ ಹೋಗೋಣ" ಎನ್ನಬೇಡಿ, ಅಲ್ಲೇ ಎಂಜಿನ್ ಆಫ್ ಮಾಡಿ.

ಸಣ್ಣ ಸೀಲ್, ದೊಡ್ಡ ಬಿಲ್

ಜಾಗವೇ ದುಬಾರಿ ಎಂದೆನಲ್ಲ, ಅದಕ್ಕೆ ಉದಾಹರಣೆಗಳು ಬೇಕಾದಷ್ಟಿವೆ.

ಮರ್ಸಿಡಿಸ್‌ನ 3 ಲೀಟರ್ ವಿ6 ಡೀಸೆಲ್ ಎಂಜಿನ್ ಓಎಂ642 ತೆಗೆದುಕೊಳ್ಳಿ. 2005ರಿಂದ ಇ ಕ್ಲಾಸ್, ಎಸ್ ಕ್ಲಾಸ್ ಎರಡರಲ್ಲೂ ಬಂದಿದೆ, ಒಳ್ಳೆಯ ಎಂಜಿನ್. ಇದರ ಆಯಿಲ್ ಕೂಲರ್ ಇರುವುದು ವಿ ಆಕಾರದ ಎರಡು ಸಿಲಿಂಡರ್ ಸಾಲುಗಳ ನಡುವಿನ ಕಣಿವೆಯಲ್ಲಿ, ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರ) ಮತ್ತು ಇನ್‌ಟೇಕ್ ಮ್ಯಾನಿಫೋಲ್ಡ್ (ಆ ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಕೊಳವೆ) ಇವುಗಳ ಅಡಿಯಲ್ಲಿ. ಕೂಲರಿನ ಕೆಳಗಿನ ರಬ್ಬರ್ ಸೀಲ್‌ಗಳು ಬಿಸಿಗೆ ಗಟ್ಟಿಯಾಗಿ ಆಯಿಲ್ ಬಿಡುತ್ತವೆ. ಆಯಿಲ್ ಕಣಿವೆಯಲ್ಲಿ ತುಂಬಿ, ಎಂಜಿನ್ನಿನ ಹಿಂಭಾಗದಿಂದ ಗೇರ್‌ಬಾಕ್ಸ್ ಸೇರುವ ಜಾಗಕ್ಕೆ ಇಳಿಯುತ್ತದೆ. ಕೆಳಗಿನಿಂದ ನೋಡಿದವರು ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿದೆ ಎಂದುಕೊಂಡು ಗೇರ್‌ಬಾಕ್ಸ್ ಇಳಿಸಿಬಿಡುತ್ತಾರೆ. ಮೊದಲು ಮೇಲಿನಿಂದ ಕಣಿವೆಯೊಳಗೆ ಬೋರೋಸ್ಕೋಪ್ (ಕೊಳವೆ ತುದಿಯ ಸಣ್ಣ ಕ್ಯಾಮೆರಾ) ಬಿಟ್ಟು ನೋಡಬೇಕು. ಸೀಲ್‌ಗಳ ಬೆಲೆ ಏನೇನೂ ಅಲ್ಲ, ಆದರೆ ಟರ್ಬೊ, ಮ್ಯಾನಿಫೋಲ್ಡ್, ಇಂಧನದ ಕೊಳವೆಗಳನ್ನೆಲ್ಲ ತೆಗೆದು ಹಾಕಲು ಹತ್ತು ಗಂಟೆಗೂ ಮೀರಿದ ಕೆಲಸ. ಹಾಕುವಾಗ ಹಳೆಯ ಕಿತ್ತಳೆ ಬಣ್ಣದ ಸೀಲ್ ಹಾಕಬೇಡಿ, ನಂತರ ಬಂದ ನೇರಳೆ ಬಣ್ಣದ ವಿಟಾನ್ (ಬಿಸಿ ತಾಳುವ ರಬ್ಬರು) ಸೀಲ್ ಕೇಳಿ ಪಡೆಯಿರಿ.

ಇದೇ ಎಂಜಿನ್ನಿನಲ್ಲಿ ಇನ್ನೊಂದು ಪಾಠವಿದೆ. ಟರ್ಬೊಗೆ ಗಾಳಿ ಹೋಗುವ ಬಾಯಲ್ಲಿ ಒಂದು ಸಣ್ಣ ರಬ್ಬರ್ ಸೀಲ್ ಇದೆ. ಅದು ಸಡಿಲವಾದರೆ ಆಯಿಲ್ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕುವ ಜಾಗದ ನೇರ ಕೆಳಗೇ ಇನ್‌ಟೇಕ್ ಫ್ಲ್ಯಾಪ್ (ಮ್ಯಾನಿಫೋಲ್ಡಿನೊಳಗೆ ಗಾಳಿಯನ್ನು ಹತೋಟಿಯಲ್ಲಿಡುವ ರೆಕ್ಕೆ) ತಿರುಗಿಸುವ ಮೋಟಾರು ಇದೆ, ಅದು ಆಯಿಲ್ ಕುಡಿದು ಸಾಯುತ್ತದೆ. ಆ ಮೋಟಾರು ಬದಲಾಯಿಸಲು ಮತ್ತೆ ಅದೇ ಕಣಿವೆ ಬಿಚ್ಚಬೇಕು. ಕಡಲೆಕಾಯಿ ಬೆಲೆಯ ಸೀಲನ್ನು ಸಮಯಕ್ಕೆ ಬದಲಾಯಿಸದ ತಪ್ಪಿಗೆ ದಿನಗಟ್ಟಲೆ ಕೂಲಿ ತೆರಬೇಕಾಗುತ್ತದೆ.

ಬಿಎಂಡಬ್ಲ್ಯುವಿನ ವಿ8 ಎನ್62, 2001ರಿಂದ 2010ರವರೆಗಿನದು. ಅದರ ಕಣಿವೆಯಲ್ಲಿ ಮುಂದಿನಿಂದ ಹಿಂದಕ್ಕೆ ಕೂಲೆಂಟ್ ಒಯ್ಯುವ ಕೊಳವೆಯೊಂದಿದೆ. ಅದರ ಮುಂತುದಿಯ ಸೀಲ್ ಹೋದರೆ ಎಂಜಿನ್ನಿನ ಮುಂಭಾಗದ ಸಣ್ಣ ತೂತಿನಿಂದ ಕೂಲೆಂಟ್ ಹನಿಯುತ್ತದೆ. ಕಂಪನಿ ಪದ್ಧತಿಯಂತೆ ಕೊಳವೆ ಬದಲಾಯಿಸಲು ಮುಂದಿನ ಟೈಮಿಂಗ್ ಕವರ್‌ಗಳನ್ನೇ ತೆಗೆಯಬೇಕು, ಅರ್ಧ ಎಂಜಿನ್ ಬಿಚ್ಚಿದ ಹಾಗೆ. ಆದರೆ ಎರಡು ತುಂಡಾಗಿ ಬಂದು ಒಳಗೆ ಹಿಗ್ಗಿಸಿ ಕೂರಿಸುವ ಕೊಳವೆಯನ್ನು ಹೊರಗಿನ ತಯಾರಕರು ಮಾಡುತ್ತಾರೆ. ಹಳೆಯದನ್ನು ಒಳಗೇ ಕತ್ತರಿಸಿ ತೆಗೆದು ಇದನ್ನು ಕೂರಿಸಬಹುದು. ಮ್ಯಾನಿಫೋಲ್ಡ್ ಮತ್ತು ವಾಟರ್ ಪಂಪ್ ತೆಗೆದರೆ ಸಾಕು. ಇಂಥ ಉಪಾಯ ಗೊತ್ತಿರುವ ಗ್ಯಾರೇಜಿಗೂ ಗೊತ್ತಿಲ್ಲದ ಗ್ಯಾರೇಜಿಗೂ ಬಿಲ್ಲಿನಲ್ಲಿ ಆಗುವ ವ್ಯತ್ಯಾಸ ಕಾರಿನ ಬೆಲೆಯ ದೊಡ್ಡ ಪಾಲೇ ಆಗಬಹುದು. ಈ ಎಂಜಿನ್ನಿನ ಇನ್ನೊಂದು ರೋಗ ವಾಲ್ವ್ ಸ್ಟೆಮ್ ಸೀಲ್, ಅಂದರೆ ಸಿಲಿಂಡರಿನೊಳಗೆ ಆಯಿಲ್ ಇಳಿಯದಂತೆ ವಾಲ್ವಿನ ಕಾಂಡಕ್ಕೆ ಹಾಕಿದ ರಬ್ಬರು. ಪತ್ತೆ ಹಚ್ಚುವುದು ಸುಲಭ: ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಹತ್ತು-ಹದಿನೈದು ನಿಮಿಷ ಐಡಲ್‌ನಲ್ಲಿ ಬಿಡಿ, ಆಮೇಲೆ ಆಕ್ಸಿಲರೇಟರ್ ಒತ್ತಿ. ಹಿಂದೆ ನೀಲಿ ಹೊಗೆಯ ಮೋಡ ಎದ್ದರೆ ಸೀಲ್‌ಗಳು ಹೋಗಿವೆ. ಮಾರುವವರು ಕಾರನ್ನು ಹದಿನೈದು ನಿಮಿಷ ನಿಂತಲ್ಲೇ ಓಡಿಸಿ ತೋರಿಸುವುದಿಲ್ಲ, ನೀವೇ ಕೇಳಬೇಕು.

ನಂತರ 2008ರಲ್ಲಿ ಬಂದ ಎನ್63ರಲ್ಲಿ ಟರ್ಬೊಗಳನ್ನೇ ಕಣಿವೆಯೊಳಗೆ ಕೂರಿಸಿದರು. ಟರ್ಬೊ ಬೇಗ ಕೆಲಸಕ್ಕೆ ಬರುತ್ತದೆ, ನಿಜ. ಆದರೆ ಕಾರಿನಲ್ಲೇ ಅತಿ ಬಿಸಿಯಾದ ಎರಡು ವಸ್ತುಗಳು ರಬ್ಬರು, ಪ್ಲಾಸ್ಟಿಕ್ಕು, ವೈರುಗಳ ನಡುವೆ ಕೂತಂತಾಯಿತು. ಮೊದಲ ಪೀಳಿಗೆಯ ಎನ್63ರಲ್ಲಿ ಆಯಿಲ್ ಕುಡಿಯುವುದು, ಇಂಜೆಕ್ಟರ್, ಟೈಮಿಂಗ್ ಚೈನ್ (ವಾಲ್ವ್‌ಗಳನ್ನು ಕ್ರ್ಯಾಂಕಿನ ತಿರುಗಾಟಕ್ಕೆ ಹೊಂದಿಸುವ ಸರಪಳಿ) ತೊಂದರೆಗಳು ಎಷ್ಟು ಕಂಡವೆಂದರೆ, 2014ರ ಕೊನೆಯಲ್ಲಿ ಕಂಪನಿಯೇ ಅಮೆರಿಕದಲ್ಲಿ ಆ ಎಂಜಿನ್ನಿನ ಕಾರುಗಳಿಗೆ ಪ್ರತ್ಯೇಕ ತಪಾಸಣೆ-ದುರಸ್ತಿ ಯೋಜನೆ ತಂದಿತು. ಆ ಕಾಲದ ಕಾರು ಕೊಳ್ಳುವುದಾದರೆ ಈ ಕೆಲಸಗಳು ಆಗಿರುವ ದಾಖಲೆ ಕೈಯಲ್ಲಿರಬೇಕು. ಇಲ್ಲದಿದ್ದರೆ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಟೈಮಿಂಗ್ ಚೈನ್ ವಿಷಯದಲ್ಲೂ ಜಾಗವೇ ಮುಖ್ಯ. ಔಡಿಯ 4.2 ಲೀಟರ್ ವಿ8ರ ಚೈನ್ ಇರುವ ಆವೃತ್ತಿಗಳಲ್ಲಿ, 2007ರಲ್ಲಿ ಬಂದ ಬಿಎಂಡಬ್ಲ್ಯುವಿನ ನಾಲ್ಕು ಸಿಲಿಂಡರ್ ಡೀಸೆಲ್ ಎನ್47ರಲ್ಲಿ, ಚೈನ್ ಇರುವುದು ಎಂಜಿನ್ನಿನ ಹಿಂದೆ, ಗೇರ್‌ಬಾಕ್ಸ್ ಕಡೆಗೆ. ಚೈನನ್ನು ಸಾಲಿನಲ್ಲಿ ಹಿಡಿದಿಡುವ ಪ್ಲಾಸ್ಟಿಕ್ ಗೈಡ್ ಸವೆದರೆ ಎಂಜಿನ್ ಅಥವಾ ಗೇರ್‌ಬಾಕ್ಸ್ ಇಳಿಸದೆ ದಾರಿಯಿಲ್ಲ. ಮರ್ಸಿಡಿಸ್‌ನ ಎಂ272 ವಿ6ರ ಆರಂಭದ ಎಂಜಿನ್‌ಗಳಲ್ಲಿ ಎಂಜಿನ್ ನಡುಕ ತಗ್ಗಿಸುವ ಬ್ಯಾಲೆನ್ಸ್ ಶಾಫ್ಟಿನ ಗೇರ್ ಹಲ್ಲು ಬೇಗ ಸವೆಯುತ್ತದೆ. ಅದರ ವಿ8 ಸೋದರ ಎಂ273ರಲ್ಲಿ ಚೈನ್ ಹಾಯುವ ಐಡ್ಲರ್ ಗೇರಿಗೆ ಇದೇ ಗತಿ. ಯಾವ ಎಂಜಿನ್ ಸಂಖ್ಯೆಯವರೆಗೆ ಹಳೆಯ ಗೇರ್ ಇತ್ತು ಎಂಬುದು ದಾಖಲಾಗಿದೆ. ಕಾರಿನ ವರ್ಷ ನಂಬಿ ಕೂರದೆ, ಎಂಜಿನ್ ಮೇಲೆ ಕೊರೆದ ಸಂಖ್ಯೆ ಓದಿ ತಾಳೆ ನೋಡಬೇಕು.

ಇವೆಲ್ಲಕ್ಕೂ ಅನ್ವಯಿಸುವ ನಿಯಮ ಒಂದಿದೆ. ಒಂದು ಜಾಗವನ್ನು ಬಿಚ್ಚಿದ ಮೇಲೆ ಆ ಜಾಗದಲ್ಲಿರುವ ರಬ್ಬರು-ಪ್ಲಾಸ್ಟಿಕ್ಕೆಲ್ಲ ಹೊಸದಾಗಲಿ. ಮ್ಯಾನಿಫೋಲ್ಡ್ ತೆಗೆದಿದ್ದರೆ ಅದರ ಗ್ಯಾಸ್ಕೆಟ್, ಬ್ರೀದರ್ ಹೋಸ್, ಹಿಂದಿನ ಕೂಲೆಂಟ್ ಹೋಸ್, ನಾಕ್ ಸೆನ್ಸರ್ ಇವಕ್ಕೆ ಬರೀ ವಸ್ತುವಿನ ಬೆಲೆ ಬೀಳುತ್ತದೆ, ಕೂಲಿ ಬೀಳುವುದಿಲ್ಲ. ಲೆಕ್ಸಸ್ ಎಲ್ಎಸ್430 ಎಂಬ ಗಟ್ಟಿಮುಟ್ಟಾದ ಕಾರಿನಲ್ಲೂ ಸ್ಟಾರ್ಟರ್ ಮೋಟಾರು ಮ್ಯಾನಿಫೋಲ್ಡ್ ಅಡಿಯಲ್ಲಿದೆ. ಬೇರೆ ಕೆಲಸಕ್ಕೆ ಅಲ್ಲಿ ಕೈ ಹಾಕಿದಾಗ ಅದರ ಒಳಗಿನ ಸವೆದ ತಾಮ್ರದ ಕಾಂಟ್ಯಾಕ್ಟ್‌ಗಳನ್ನೂ ಬದಲಾಯಿಸಿಬಿಡುವುದು ಜಾಣತನ.

ಮುಂದೂಡುವುದರ ಬೆಲೆ ಏನೆಂದು ಕೇಳಿದರೆ, ಬಿಎಂಡಬ್ಲ್ಯು ಆರು ಸಿಲಿಂಡರ್ ಎಂಜಿನ್‌ಗಳ ಆಯಿಲ್ ಫಿಲ್ಟರ್ ಹೌಸಿಂಗ್ ಗ್ಯಾಸ್ಕೆಟ್ ನೋಡಿ. ಚಿಕ್ಕ ರಬ್ಬರು, ಒಂದು ದಿನದೊಳಗಿನ ಕೆಲಸ. ಅದು ಸೋರಿದರೆ ಆಯಿಲ್ ಕೆಳಗಿನ ಡ್ರೈವ್ ಬೆಲ್ಟ್ ಮೇಲೆ ಬೀಳುತ್ತದೆ. ಬೆಲ್ಟ್ ಜಾರಿ, ಹರಿದು, ಅದರ ಎಳೆಗಳು ಕ್ರ್ಯಾಂಕಿನ ಮುಂದಿನ ಸೀಲ್ ಮೂಲಕ ಎಂಜಿನ್ನಿನೊಳಗೆ ಸೆಳೆದುಕೊಂಡು ಹೋಗುವ ಪ್ರಕರಣಗಳಿವೆ. ಆಮೇಲೆ ಆಯಿಲ್ ಪ್ಯಾನ್ ಇಳಿಸಿ, ಆಯಿಲ್ ಪಂಪಿನ ಜಾಲರಿಯಿಂದ ಎಳೆಗಳನ್ನು ಹೆಕ್ಕಬೇಕು. "ಸ್ವಲ್ಪ ಆಯಿಲ್ ಜಿನುಗ್ತಿದೆ, ಪರವಾಗಿಲ್ಲ" ಎಂಬ ಮಾತಿಗೆ ಈ ಕಾರುಗಳಲ್ಲಿ ಜಾಗವಿಲ್ಲ.

"ಆಜೀವ" ಗೇರ್ ಆಯಿಲ್

ಹಲವು ಕಾರು ಕಂಪನಿಗಳು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಜೀವಮಾನಕ್ಕೆ ಸಾಕು ಎನ್ನುತ್ತವೆ. ಯಾರ ಜೀವಮಾನ ಎಂಬುದು ಪ್ರಶ್ನೆ. ಬಿಎಂಡಬ್ಲ್ಯು, ಜಾಗ್ವಾರ್, ಔಡಿಗಳಿಗೆಲ್ಲ ಗೇರ್‌ಬಾಕ್ಸ್ ಮಾಡಿಕೊಡುವ ಝಡ್ಎಫ್ ಕಂಪನಿ ತಾನೇ 80,000ದಿಂದ 1,20,000 ಕಿ.ಮೀ. ಒಳಗೆ ಅಥವಾ ಎಂಟು ವರ್ಷಕ್ಕೆ ಬದಲಾಯಿಸಿ ಎಂದು ಹೇಳಿದೆ. ಗೇರ್‌ಬಾಕ್ಸ್ ಮಾಡಿದವರ ಮಾತು ಕೇಳಿ.

ಆರು ಗೇರಿನ 6ಎಚ್‌ಪಿ ಸರಣಿಯ ಕೆಲಸ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿ ತಪ್ಪುಗಳು ಜಾಸ್ತಿ. ಕಾರು ಲಿಫ್ಟ್ ಮೇಲೆ ಪೂರ್ತಿ ಮಟ್ಟವಾಗಿರಬೇಕು. ಕೆಳಗಿನ ಡ್ರೈನ್ ಪ್ಲಗ್ ಮುಟ್ಟುವ ಮೊದಲು ಬದಿಯ ಫಿಲ್ ಪ್ಲಗ್ ಸಡಿಲಿಸಿ ನೋಡಿ. ಅದು ತುಕ್ಕು ಹಿಡಿದು ಬರದಿದ್ದರೆ, ಖಾಲಿ ಮಾಡಿದ ಗೇರ್‌ಬಾಕ್ಸಿಗೆ ಆಯಿಲ್ ತುಂಬಲು ದಾರಿಯೇ ಇರುವುದಿಲ್ಲ. ಇದರ ಪ್ಯಾನ್ ಪ್ಲಾಸ್ಟಿಕ್ಕಿನದು, ಫಿಲ್ಟರ್ ಅದರೊಳಗೇ ಸೇರಿಕೊಂಡಿದೆ, ಇಡೀ ಪ್ಯಾನನ್ನೇ ಬದಲಾಯಿಸಬೇಕು. ಪ್ಯಾನ್ ಇಳಿಸಿದಾಗ ಮೆಕಾಟ್ರಾನಿಕ್ ಘಟಕವನ್ನೂ (ಗೇರ್ ಬದಲಾಯಿಸುವ ವಾಲ್ವ್‌ಗಳೂ ಕಂಪ್ಯೂಟರೂ ಸೇರಿದ ಭಾಗ) ಇಳಿಸಿ, ವೈರಿಂಗ್ ಕನೆಕ್ಟರಿನ ತೋಳು, ಮೆಕಾಟ್ರಾನಿಕ್‌ಗೂ ಗೇರ್‌ಬಾಕ್ಸಿಗೂ ನಡುವಿನ ಬ್ರಿಡ್ಜ್ ಸೀಲ್, ರಬ್ಬರ್ ಟ್ಯೂಬುಗಳು, ಇವಿಷ್ಟನ್ನು ಬದಲಾಯಿಸಿ. ಗೇರ್ ಬೀಳುವಾಗ ಜಗ್ಗುವುದು, ಸ್ವಲ್ಪ ಜಾರುವುದು ಎಷ್ಟೋ ಸಲ ಈ ಸೀಲ್‌ಗಳ ಒತ್ತಡ ಸೋರಿಕೆಯಿಂದಲೇ. ಇದು ಅಗ್ಗದ ಭಾಗ ಸುಲಭದ ಜಾಗದಲ್ಲಿ ಕೂತಿರುವ ಅಪರೂಪದ ಉದಾಹರಣೆ, ಆದರೂ "ಗೇರ್‌ಬಾಕ್ಸ್ ಹೋಗಿದೆ" ಎಂದು ಇಡೀ ಘಟಕ ಬದಲಾಯಿಸಲು ಹೇಳುವವರಿದ್ದಾರೆ.

ಆಯಿಲ್ ತುಂಬುವಾಗ: ಫಿಲ್ ತೂತಿನಿಂದ ಹೊರಚೆಲ್ಲುವವರೆಗೆ ಹಾಕಿ, ಎಂಜಿನ್ ಸ್ಟಾರ್ಟ್ ಮಾಡಿ, ಮತ್ತೆ ಹಾಕಿ. ಬ್ರೇಕ್ ಒತ್ತಿಕೊಂಡು ರಿವರ್ಸ್, ಡ್ರೈವ್ ಎಲ್ಲದರಲ್ಲೂ ಕೆಲವು ಸೆಕೆಂಡು ನಿಲ್ಲಿಸಿ. ಸ್ಕ್ಯಾನರಿನಲ್ಲಿ (ಕಾರಿನ ಕಂಪ್ಯೂಟರ್ ಓದುವ ಉಪಕರಣ) ಗೇರ್ ಆಯಿಲಿನ ತಾಪ 30ರಿಂದ 50 ಡಿಗ್ರಿ ನಡುವೆ ಇರುವಾಗ, ಎಂಜಿನ್ ಓಡುತ್ತಿರುವಾಗಲೇ, ಹೆಚ್ಚಾದದ್ದು ಹೊರಗೆ ತೊಟ್ಟಿಕ್ಕಿ ನಿಂತ ಮೇಲೆ ಪ್ಲಗ್ ಮುಚ್ಚಿ. ಎಂಜಿನ್ ಆಫ್ ಮಾಡಿ ಅಳೆದರೆ ಲೆಕ್ಕ ತಪ್ಪಿ ಗೇರ್‌ಬಾಕ್ಸಿಗೆ ಆಯಿಲ್ ಕಮ್ಮಿ ಬೀಳುತ್ತದೆ. ಕ್ಲಚ್ಚು ಸುಟ್ಟು ಆಗಲೇ ಜಾರುತ್ತಿರುವ ಗೇರ್‌ಬಾಕ್ಸನ್ನು ಹೊಸ ಆಯಿಲ್ ಉಳಿಸುವುದಿಲ್ಲ, ಅದೂ ಗೊತ್ತಿರಲಿ.

ಮರ್ಸಿಡಿಸ್‌ನ ಐದು ಗೇರಿನ 722.6ರಲ್ಲಿ ವೈರಿಂಗ್ ಒಳಹೋಗುವ ಪ್ಲಾಸ್ಟಿಕ್ ಕನೆಕ್ಟರಿನ ಸೀಲ್ ಸೋರಿ, ಆಯಿಲ್ ವೈರಿನ ಎಳೆಗಳ ಒಳಗೇ ಏರಿ ಮೇಲಿನ ಕಂಪ್ಯೂಟರ್ ಘಟಕ ತಲುಪುತ್ತದೆ. ಕನೆಕ್ಟರ್ ಅಗ್ಗ, ಕಂಪ್ಯೂಟರ್ ಅಲ್ಲ. ಮುಂದೆ ಬಂದ ಏಳು ಗೇರಿನ 722.9ರಲ್ಲಿ ಕಂಪ್ಯೂಟರ್ ಗೇರ್‌ಬಾಕ್ಸಿನ ಒಳಗೇ ಇದೆ. ಅದರ ವೇಗ ಅಳೆಯುವ ಸೆನ್ಸರ್ ಹೋದರೆ ಕಾರು ಒಂದೇ ಗೇರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಸೆನ್ಸರ್ ಬೇರೆಯಾಗಿ ಸಿಗುವುದಿಲ್ಲ. ಹೊಸ ಘಟಕವನ್ನು ಆ ಕಾರಿನ ಹೆಸರಿಗೇ ತರಿಸಿ, ಕಾರಿಗೆ ಹೊಂದಿಸಬೇಕು.

ಗಾಳಿಯ ಮೇಲೆ ನಿಂತ ಕಾರು

ಏರ್ ಸಸ್ಪೆನ್ಷನ್‌ನಲ್ಲಿ ಉಕ್ಕಿನ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲವಿರುತ್ತದೆ. ಚೀಲ ಮಡಚುವ ಗೆರೆಯಲ್ಲಿ ವರ್ಷಗಳ ಮೇಲೆ ಸಣ್ಣ ಬಿರುಕು ಬೀಳುತ್ತದೆ. ಸೋರಿದ್ದನ್ನು ತುಂಬಲು ಕಂಪ್ರೆಸರ್ ಪದೇಪದೇ ಓಡುತ್ತದೆ, ಅದರ ಪಿಸ್ಟನ್ ರಿಂಗ್ ಸವೆಯುತ್ತದೆ, ಅದನ್ನು ಆನ್-ಆಫ್ ಮಾಡುವ ರಿಲೇಯ ಕಾಂಟ್ಯಾಕ್ಟ್ ಅಂಟಿಕೊಂಡರೆ ಕಂಪ್ರೆಸರ್ ನಿಲ್ಲದೆ ಓಡಿ ಸುಟ್ಟುಹೋಗುತ್ತದೆ. ಕೊನೆಗೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ಬರುವುದು ಕಂಪ್ರೆಸರ್ ಹೆಸರಿನಲ್ಲಿ. ಮಾಲೀಕರು ಕಂಪ್ರೆಸರ್ ಬದಲಾಯಿಸುತ್ತಾರೆ, ಸೋರುವ ಚೀಲ ಹಾಗೇ ಉಳಿಯುತ್ತದೆ, ಹೊಸ ಕಂಪ್ರೆಸರೂ ಅದೇ ಹಾದಿ ಹಿಡಿಯುತ್ತದೆ. ಮೊದಲು ಸೋರಿಕೆ, ಆಮೇಲೆ ಕಂಪ್ರೆಸರ್, ಅದರ ಜೊತೆಗೆ ತಪ್ಪದೆ ರಿಲೇ.

ಪರೀಕ್ಷೆಗೆ ಯಂತ್ರ ಬೇಡ. ಸಂಜೆ ಕಾರನ್ನು ಮಟ್ಟವಾದ ನೆಲದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರಗಳ ಮಧ್ಯಬಿಂದುವಿನಿಂದ ಮೇಲಿನ ಕಮಾನಿನವರೆಗೆ ಟೇಪಿನಲ್ಲಿ ಅಳೆದು ಬರೆದಿಡಿ. ಬೆಳಿಗ್ಗೆ ಕಾರನ್ನು ಅನ್‌ಲಾಕ್ ಮಾಡುವ ಮೊದಲೇ ಮತ್ತೆ ಅಳೆಯಿರಿ, ಏಕೆಂದರೆ ಬಾಗಿಲು ತೆರೆದರೆ ಕೆಲವು ಕಾರುಗಳು ತಾವೇ ಎತ್ತರ ಸರಿಪಡಿಸಿಕೊಳ್ಳುತ್ತವೆ. ಒಂದು ಮೂಲೆ 15 ಮಿ.ಮೀ.ಗಿಂತ ಹೆಚ್ಚು ಕೂತಿದ್ದರೆ ಆ ಚೀಲ ಅಥವಾ ಅದರ ಕೊಳವೆಯ ಜೋಡಣೆ ಸೋರುತ್ತಿದೆ. ಒಂದು ಆಕ್ಸಲಿನ ಎರಡೂ ಕಡೆ ಸಮನಾಗಿ ಕೂತಿದ್ದರೆ ಚೀಲಗಳಿಗೆ ಗಾಳಿ ಹಂಚುವ ವಾಲ್ವ್ ಬ್ಲಾಕನ್ನು ಅನುಮಾನಿಸಿ. ಸೋಪಿನ ನೀರು ಸಿಂಪಡಿಸಿದರೆ ಗುಳ್ಳೆ ಜಾಗ ತೋರಿಸುತ್ತದೆ. ಹೊಸ ಸ್ಟ್ರಟ್ ಹಾಕಿದ ಮೇಲೆ ಸ್ಕ್ಯಾನರ್ ಮೂಲಕ ಗಾಳಿ ತುಂಬಿಸದೆ ಕಾರಿನ ಭಾರವನ್ನು ಅದರ ಮೇಲೆ ಇಳಿಸಬೇಡಿ, ಖಾಲಿ ಚೀಲ ತಪ್ಪಾಗಿ ಮಡಚಿ ಅವತ್ತೇ ಹರಿಯುತ್ತದೆ.

ಉಕ್ಕಿನ ಸ್ಪ್ರಿಂಗ್‌ಗೆ ಬದಲಾಯಿಸುವ ಕಿಟ್‌ಗಳಿವೆ. ಖರ್ಚು ಕಮ್ಮಿ, ಆದರೆ ಆ ಕಾರನ್ನು ಕೊಂಡದ್ದೇ ಆ ನಯವಾದ ಓಟಕ್ಕಾಗಿ. ಚೀಲ ಮಾತ್ರ ಹೊಸದು ಹಾಕಿ ಪುನರ್ನಿರ್ಮಿಸಿದ ಸ್ಟ್ರಟ್‌ಗಳು ಮಧ್ಯದ ದಾರಿ, ನಾನು ಅದನ್ನೇ ಹೇಳುತ್ತೇನೆ. ಇನ್ನು ಮರ್ಸಿಡಿಸ್‌ನ ಎಬಿಸಿ ಎಂಬ ಹೈಡ್ರಾಲಿಕ್ (ಗಾಳಿಯ ಬದಲು ಆಯಿಲಿನ ಒತ್ತಡ ಬಳಸುವ) ಸಸ್ಪೆನ್ಷನ್ 200 ಬಾರ್ ಸುಮಾರಿನ ಒತ್ತಡದಲ್ಲಿ ಕೆಲಸ ಮಾಡುತ್ತದೆ. ಅದನ್ನು ಬಲ್ಲ ಮೆಕ್ಯಾನಿಕ್ ಹತ್ತಿರದಲ್ಲಿ ಇಲ್ಲದಿದ್ದರೆ ಆ ಕಾರಿನ ಆಸೆ ಬಿಡಿ.

ಬ್ಯಾಟರಿ, ನೀರು, ಕಂಪ್ಯೂಟರು

ಒಂದೇ ದಿನ ಐದಾರು ಎಚ್ಚರಿಕೆ ದೀಪ ಒಟ್ಟಿಗೆ ಹತ್ತಿದರೆ ಹೆದರಬೇಡಿ, ಮೊದಲು ಬ್ಯಾಟರಿ ನೋಡಿ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ. ವೋಲ್ಟೇಜ್ ಕುಸಿದಾಗ ಕಂಪ್ಯೂಟರ್ ಘಟಕಗಳು ಒಂದರ ಮೇಲೊಂದು ಸುಳ್ಳು ದೋಷ ದಾಖಲಿಸುತ್ತವೆ. ಹೊಸ ಬ್ಯಾಟರಿ ಹಾಕಿದಾಗ ಬಿಎಂಡಬ್ಲ್ಯು, ಔಡಿಯಂಥ ಕಾರುಗಳಿಗೆ ಅದನ್ನು ಸ್ಕ್ಯಾನರಿನಿಂದ ನೋಂದಾಯಿಸಬೇಕು. ಇಲ್ಲದಿದ್ದರೆ ಕಾರು ಅದನ್ನು ಹಳೆಯದೆಂದೇ ತಿಳಿದು ಚಾರ್ಜ್ ಮಾಡುತ್ತದೆ, ಬ್ಯಾಟರಿಯ ಆಯಸ್ಸು ಕುಗ್ಗುತ್ತದೆ.

ಬ್ಯಾಟರಿ ಸರಿಯಿದ್ದೂ ರಾತ್ರಿ ಖಾಲಿಯಾಗುತ್ತಿದ್ದರೆ ಯಾವುದೋ ಘಟಕ ನಿದ್ದೆ ಮಾಡುತ್ತಿಲ್ಲ. ಕಾರನ್ನು ಲಾಕ್ ಮಾಡಿ, ಬಾನೆಟ್ಟಿನ ಚಿಲಕವನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದಂತೆ ತೋರಿಸಿ, ಅರ್ಧ ಗಂಟೆ ಕಾಯಿರಿ. ಆಮೇಲೆ ಬ್ಯಾಟರಿ ವೈರಿನ ಸುತ್ತ ಹಿಡಿದ ಕ್ಲ್ಯಾಂಪ್ ಮೀಟರಿನಲ್ಲಿ ಕರೆಂಟ್ 50 ಮಿಲಿಆಂಪಿಯರಿಗಿಂತ ಕಮ್ಮಿ ಇರಬೇಕು. ಹೆಚ್ಚಿದ್ದರೆ ಫ್ಯೂಸ್ ಕೀಳಬೇಡಿ, ಕಿತ್ತು ಹಾಕಿದರೆ ಮಲಗಿದ್ದ ಘಟಕಗಳೂ ಏಳುತ್ತವೆ. ಪ್ರತಿ ಫ್ಯೂಸಿನ ತಲೆಯ ಎರಡು ತುದಿಗಳ ನಡುವೆ ಮಿಲಿವೋಲ್ಟ್ ಅಳೆಯಿರಿ. ಯಾವುದರಲ್ಲಿ ಅಳತೆ ಬರುತ್ತದೋ ಆ ದಾರಿಯಲ್ಲಿ ಕರೆಂಟ್ ಹರಿಯುತ್ತಿದೆ.

ಎಲೆಕ್ಟ್ರಾನಿಕ್ಸ್‌ನ ದೊಡ್ಡ ಶತ್ರು ನೀರು. ಈ ಕಾರುಗಳಲ್ಲಿ ದುಬಾರಿ ಘಟಕಗಳು ಕಾರ್ಪೆಟ್ ಅಡಿಯಲ್ಲೋ ಡಿಕ್ಕಿಯ ತಳದಲ್ಲೋ ಇರುತ್ತವೆ. ಸನ್‌ರೂಫ್‌ನ ಮೂಲೆಗಳಿಂದ ನೀರು ಇಳಿಸುವ ಸಣ್ಣ ಕೊಳವೆಗಳಲ್ಲಿ, ಮುಂದಿನ ಗಾಜಿನ ಕೆಳಗಿನ ತೊಟ್ಟಿಯಲ್ಲಿ, ಎಲೆ ಕಸ ಕಟ್ಟಿಕೊಂಡರೆ ಮಳೆನೀರು ಒಳಗೆ ಇಳಿಯುತ್ತದೆ. ಸನ್‌ರೂಫ್ ತೆರೆದು ಮೂಲೆಯ ಕಾಲುವೆಗೆ ನಿಧಾನವಾಗಿ ಅರ್ಧ ಲೀಟರ್ ನೀರು ಹುಯ್ದು, ಅದು ಕಾರಿನಡಿಯಲ್ಲಿ ಹೊರಬರುತ್ತದೆಯೇ ನೋಡಿ. ಕಟ್ಟಿದ್ದರೆ ಮೆತ್ತನೆಯ ನೈಲಾನ್ ದಾರದಿಂದ ಬಿಡಿಸಿ. ಜೋರಾದ ಗಾಳಿ ಊದಿದರೆ ಕೊಳವೆ ಒಳಗೇ ಕಳಚಿಕೊಂಡು, ಆಮೇಲೆ ನೀರೆಲ್ಲ ಕ್ಯಾಬಿನ್ನಿಗೇ. ಆಡಿಯೊ, ನ್ಯಾವಿಗೇಷನ್, ಫೋನ್ ಎಲ್ಲವೂ ಒಟ್ಟಿಗೆ ಸತ್ತಿದ್ದರೆ ಎಲ್ಲವೂ ಕೆಟ್ಟಿವೆ ಎಂದಲ್ಲ. ಅವು ಫೈಬರ್ ಉಂಗುರವೊಂದರಲ್ಲಿ ಜೋಡಣೆಯಾಗಿರುತ್ತವೆ, ಒಂದು ಕೆಟ್ಟರೆ ಉಂಗುರ ಕಡಿಯುತ್ತದೆ. ಒಂದೊಂದೇ ಘಟಕವನ್ನು ಬಿಟ್ಟು ಉಂಗುರ ಮುಚ್ಚುವ ಅಗ್ಗದ ಕೊಂಡಿಯಿಂದ ಅಪರಾಧಿಯನ್ನು ಹುಡುಕಬಹುದು.

2002ರಿಂದ 2006ರವರೆಗಿನ ಇ ಕ್ಲಾಸ್ ಡಬ್ಲ್ಯು211 ಕೊಳ್ಳುವವರು ಅದರ ಎಸ್‌ಬಿಸಿ ವಿದ್ಯುತ್ ಬ್ರೇಕ್ ಘಟಕದ ಎಣಿಕೆಯನ್ನು ಸ್ಕ್ಯಾನರಿನಲ್ಲಿ ಓದಿಸಲೇಬೇಕು. ಬ್ರೇಕ್ ಒತ್ತಿದ್ದೆಲ್ಲ ಲೆಕ್ಕವಾಗುತ್ತದೆ, ಮಿತಿ ಮುಟ್ಟಿದರೆ ಕೆಂಪು ಎಚ್ಚರಿಕೆ ಬಂದು ಇಡೀ ಘಟಕ ಬದಲಾಯಿಸಬೇಕು.

ಬಿಡಿಭಾಗ ಕೊಳ್ಳುವುದು

ಕಾರು ಕಂಪನಿಗಳು ಎಲ್ಲ ಭಾಗವನ್ನೂ ತಾವೇ ಮಾಡುವುದಿಲ್ಲ. ಸಸ್ಪೆನ್ಷನ್ ತೋಳು ಲೆಮ್‌ಫೋರ್ಡರ್, ಶಾಕ್ ಅಬ್ಸಾರ್ಬರ್ ಸ್ಯಾಕ್ಸ್ ಅಥವಾ ಬಿಲ್‌ಸ್ಟೈನ್, ಇಂಜೆಕ್ಟರ್ ಬಾಷ್, ಥರ್ಮೋಸ್ಟಾಟ್ ಮಾಹ್ಲೆ ಹೀಗೆ. ಅದೇ ಕಾರ್ಖಾನೆಯ ಅದೇ ಭಾಗ ಕಾರು ಕಂಪನಿಯ ಮುದ್ರೆಯಿಲ್ಲದ ಪೆಟ್ಟಿಗೆಯಲ್ಲಿ ಗಣನೀಯವಾಗಿ ಕಮ್ಮಿ ಬೆಲೆಗೆ ಸಿಗುತ್ತದೆ. ಇದು ಉಳಿತಾಯದ ನ್ಯಾಯವಾದ ದಾರಿ. ಹೆಸರಿಲ್ಲದ ಸೆನ್ಸರ್, ಹೆಸರಿಲ್ಲದ ರಬ್ಬರು ಉಳಿತಾಯವಲ್ಲ, ಅದೇ ಕೂಲಿ ಎರಡು ಸಲ ಕೊಡುವ ಏರ್ಪಾಡು. ಹಳೆಯ ಕಾರಿನಿಂದ ಕಳಚಿದ ಸೀಟು, ಕನ್ನಡಿ, ಬಾಗಿಲು, ಡಿಫರೆನ್ಷಿಯಲ್ ಧೈರ್ಯವಾಗಿ ಕೊಳ್ಳಿ. ಕಳಚಿದ ಏರ್ ಸ್ಟ್ರಟ್, ವಾಟರ್ ಪಂಪ್, ಮೂಲ ಕಾರಿಗೆ ಬೀಗ ಹಾಕಿಕೊಂಡ ಕಂಪ್ಯೂಟರ್ ಘಟಕ ಬೇಡ.

ಜೋಡಿಸುವುದರಲ್ಲೂ ಎರಡು ತಪ್ಪು ಪದೇಪದೇ ಆಗುತ್ತವೆ. ಸಸ್ಪೆನ್ಷನ್ ತೋಳಿನ ಬೋಲ್ಟನ್ನು ಚಕ್ರ ಗಾಳಿಯಲ್ಲಿ ನೇತಾಡುವಾಗಲೇ ಪೂರ್ತಿ ಬಿಗಿದರೆ, ಕಾರು ನೆಲಕ್ಕಿಳಿದಾಗ ತೋಳಿನ ರಬ್ಬರ್ ಬುಷ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಭಾರ ಚಕ್ರದ ಮೇಲಿರುವಾಗಲೇ ಕೊನೆಯ ಬಿಗಿ ಕೊಡಬೇಕು. ಎನ್52ರಂಥ ಮೆಗ್ನೀಷಿಯಂ ಬ್ಲಾಕಿನ ಎಂಜಿನ್ನಿನ ಅಲ್ಯೂಮಿನಿಯಂ ಬೋಲ್ಟ್‌ಗಳು ಒಂದೇ ಸಲದ ಬಳಕೆಗೆ, ಹಳೆಯದನ್ನೇ ಬಿಗಿದರೆ ತುಂಡಾಗುತ್ತವೆ.

ಸಭಿಕರ ಪ್ರಶ್ನೆಗಳು

ಎಷ್ಟು ದುಡ್ಡು ಎತ್ತಿಡಬೇಕು ಎಂದು ಒಬ್ಬರು ಕೇಳಿದ್ದಾರೆ. ಕೊಂಡ ಬೆಲೆಯ ಮೇಲೆ ಲೆಕ್ಕ ಹಾಕಬೇಡಿ, ಹೊಸದಾಗಿದ್ದಾಗಿನ ಬೆಲೆಯ ಮೇಲೆ ಹಾಕಿ. ವರ್ಷಕ್ಕೆ ಅದರ ಶೇ. 3ರಿಂದ 4ರಷ್ಟು ದುರಸ್ತಿಗೆಂದು ಇಡಲು ಆಗದಿದ್ದರೆ ಆ ಕಾರು ನಿಮ್ಮ ಕೈಗೆ ಎಟುಕಿಲ್ಲ. ಮೊದಲ ವರ್ಷ ಇದಕ್ಕಿಂತ ಹೆಚ್ಚೇ ಬೇಕಾಗಬಹುದು, ಏಕೆಂದರೆ ಹಿಂದಿನವರು ಮುಂದೂಡಿದ ಕೆಲಸವೆಲ್ಲ ನಿಮ್ಮ ಪಾಲಿಗೆ ಬರುತ್ತದೆ. ಗೇರ್ ಆಯಿಲ್, ಕೂಲಿಂಗ್, ಬ್ರೇಕ್ ಆಯಿಲ್, ಟೈರು, ಬ್ಯಾಟರಿ ಇವುಗಳ ಬಿಲ್ ಯಾವ ದಿನಾಂಕದ್ದು ಎಂದು ಕೇಳಿ. ಬಿಲ್ ಇಲ್ಲದ ಕೆಲಸ ಆಗಿಲ್ಲವೆಂದೇ ಲೆಕ್ಕ.

ಎಕ್ಸ್‌ಟೆಂಡೆಡ್ ವಾರಂಟಿ ಕೊಳ್ಳಬಹುದೇ? ಒಳಗೊಂಡ ಭಾಗಗಳ ಪಟ್ಟಿಗಿಂತ ಹೊರಗಿಟ್ಟ ಭಾಗಗಳ ಪಟ್ಟಿ ಓದಿ. ಸೀಲು, ಗ್ಯಾಸ್ಕೆಟ್, ಹೋಸ್, "ಸವೆತದಿಂದ ಕೆಟ್ಟ" ಭಾಗ ಇವನ್ನೆಲ್ಲ ಹೊರಗಿಟ್ಟಿದ್ದರೆ ನಾನು ಇಷ್ಟು ಹೊತ್ತು ಹೇಳಿದ್ದರಲ್ಲಿ ಬಹುಪಾಲು ಅದರಲ್ಲಿಲ್ಲ. ಗಂಟೆಗೆ ಎಷ್ಟು ಕೂಲಿ ಕೊಡುತ್ತಾರೆ, ಪತ್ತೆ ಹಚ್ಚುವ ಸಮಯಕ್ಕೂ ಕೊಡುತ್ತಾರೆಯೇ ಎಂಬ ಎರಡು ಪ್ರಶ್ನೆ ಬರಹದಲ್ಲೇ ಕೇಳಿ.

ಕೊಳ್ಳುವ ಮೊದಲಿನ ತಪಾಸಣೆ ಹೇಗೆ? ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಹೋಗಿ, ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚಲು ಮೊದಲೇ ಸ್ಟಾರ್ಟ್ ಮಾಡಿರಬಹುದು. ಮೊದಲ ಕೆಲವು ಸೆಕೆಂಡಿನ ಚೈನ್ ಸದ್ದಿಗೆ ಕಿವಿ ಕೊಡಿ. ಇಡೀ ಕಾರನ್ನು ಆ ಕಂಪನಿಗೆ ತಕ್ಕ ಸ್ಕ್ಯಾನರಿನಿಂದ ಓದಿಸಿ, ಸಾಮಾನ್ಯ ರೀಡರು ಎಂಜಿನ್ ದೋಷ ಮಾತ್ರ ತೋರಿಸುತ್ತದೆ. ದೋಷವೇ ಇಲ್ಲದೆ ಎಲ್ಲ ಸ್ವಚ್ಛವಾಗಿದ್ದರೆ ಇವತ್ತೇ ಅಳಿಸಿರಬಹುದು. 40-50 ಕಿ.ಮೀ. ಓಡಿಸಿ ಮತ್ತೆ ಓದಿಸಿ. ಆಮೇಲೆ ಲಿಫ್ಟ್ ಮೇಲೆ ಎತ್ತಿ, ಅಡಿಯ ಹೊದಿಕೆ ತೆಗೆಸಿ ನೋಡಿ. ಹೊದಿಕೆ ತೆಗೆಯಲು ಒಪ್ಪದವರ ಕಾರು ಬೇಡ. ನೀರಿನಲ್ಲಿ ಮುಳುಗಿದ್ದ ಕಾರೋ ಎಂಬ ಅನುಮಾನಕ್ಕೆ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯೇ ನೋಡಿ, ಸೀಟಿನಡಿಯ ಹಳಿಗಳ ತುಕ್ಕು ನೋಡಿ.

ಕೊನೆಯ ಪ್ರಶ್ನೆ, ದುರಸ್ತಿಯನ್ನು ಯಾವಾಗ ನಿಲ್ಲಿಸಬೇಕು ಎಂಬುದು. ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್, ವೈರಿಂಗ್ ಈ ನಾಲ್ಕರಲ್ಲಿ ಒಂದು ಕೆಟ್ಟಿದ್ದರೆ, ಉಳಿದವುಗಳ ದಾಖಲೆ ಚೆನ್ನಾಗಿದ್ದರೆ, ರಿಪೇರಿ ಮಾಡಿಸಿ. ಎರಡು ಒಟ್ಟಿಗೆ ಕೆಟ್ಟು, ಮೂರನೆಯದರ ದಾಖಲೆಯೂ ಇಲ್ಲದಿದ್ದರೆ ನಿಲ್ಲಿಸಿ. ಅಂಥ ಕಾರನ್ನು ಇಡಿಯಾಗಿ ಮಾರಿದರೆ ಹೆಚ್ಚೇನೂ ಬರುವುದಿಲ್ಲ. ಹೆಡ್‌ಲೈಟು, ಸೀಟು, ಬಾಗಿಲು, ಚಕ್ರ, ಡಿಫರೆನ್ಷಿಯಲ್ ಬಿಡಿಬಿಡಿಯಾಗಿ ಮಾರಿದರೆ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಕೈಗೆ ಬರುತ್ತದೆ, ಅದೇ ಮಾದರಿಯ ಇನ್ನೊಂದು ಒಳ್ಳೆಯ ಕಾರು ಅವುಗಳಿಂದ ರಸ್ತೆಯಲ್ಲಿ ಉಳಿಯುತ್ತದೆ.